ಲಗೂನಿನಲ್ಲಿ ಆಷಾಢ

ಕಲ್ಲಿನ ಬಾನಿಗೆ ಬಾಯಿಟ್ಟು ಎಮ್ಮೆ ಮುಸುರೆ ಕುಡಿಯುವಾಗ ಬರುತ್ತದಲ್ಲ, ಅಂಥ ಸದ್ದು. ಚಳಪ್, ಸ್ವಲ್ಪ ಸುಮ್ಮನೆ, ಮತ್ತೆ ಚಳಪ್. ಕೋಣೆಯ ಹಲಗೆ ನೆಲದ ಕೆಳಗೆ ಸಮುದ್ರ ಹಗಲೆಲ್ಲ ಹೀಗೆ ಸದ್ದು ಮಾಡುತ್ತಿತ್ತು. ಮಾಲ್ದೀವ್ಸಿನ ಆ ರೆಸಾರ್ಟಿನವರು ಅದನ್ನು ವಾಟರ್ ವಿಲ್ಲಾ ಎನ್ನುತ್ತಿದ್ದರು. ಲಗೂನ್ ಎಂಬ ಆಳವಿಲ್ಲದ ಕಡಲಿನಲ್ಲಿ ಕಂಬ ನೆಟ್ಟು, ಮೇಲೆ ಮನೆ ಕಟ್ಟಿ, ಮೀನು ಕಾಣಲೆಂದು ನೆಲದ ನಡುವೆ ಒಂದು ಗಾಜು ಕೂರಿಸಿದ್ದರು. ಈಗಲೂ ಯಾದಗಿರಿಯ ನನ್ನ ಮನೆಯಲ್ಲಿ ನಳ ಬಂದು ಬಕೆಟ್ ತುಂಬಿ ತುಳುಕಿದರೆ, ಕೈಯಲ್ಲಿದ್ದ ಕೆಲಸ ಬಿಟ್ಟು ಕುಳಿತುಬಿಡುತ್ತೇನೆ.

"ಟೀಚರ್, ಕೆಳಗ ಯಾವ್ದೋ ದನ ನೀರು ಕುಡ್ಯಾಕತ್ತದ ನೋಡ್ರಿ," ಅಂದಿದ್ದರು ಅವರು, ಒಳಗೆ ಕಾಲಿಟ್ಟ ಕೂಡಲೇ.

ಅವರು ನನ್ನ ಗಂಡನಲ್ಲ. ನನ್ನ ಗಂಡ ತೀರಿಕೊಂಡಾಗ ನನ್ನ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ಹೈದರಾಬಾದಿನ ಕಾನ್ವೆಂಟಿನಲ್ಲಿ ಸಿಸ್ಟರ್ಸ್ ಕಲಿಸಿದ ಇಂಗ್ಲಿಷ್ ಒಂದಿತ್ತು. ಅದನ್ನೇ ಹಿಡಿದುಕೊಂಡು ಯಾದಗಿರಿಯಲ್ಲಿ ಟೀಚರ್ ಆದೆ, ರಿಟೈರ್ ಕೂಡ ಆದೆ. ಮಕ್ಕಳಿಲ್ಲ. ಅವರು ಶಹಾಪುರದ ಬಟ್ಟೆ ಅಂಗಡಿಯ ಸಾವಕಾರರು. ಅವರ ಹೆಂಡತಿಯೂ ಹೋಗಿ ಬಹಳ ಕಾಲವಾಗಿತ್ತು. ಅಂಗಡಿಗೆ ರೈಲಿನಲ್ಲಿ ಬರುವ ಬಟ್ಟೆಯ ಗಂಟುಗಳನ್ನು ಬಿಡಿಸಿಕೊಳ್ಳಲು ವಾರಕ್ಕೊಮ್ಮೆ ಯಾದಗಿರಿ ಸ್ಟೇಷನ್ನಿಗೆ ಬರುತ್ತಿದ್ದರು. ನಾನು ಸಂಜೆ ಅಲ್ಲಿಯೇ ಪ್ಲಾಟ್‌ಫಾರ್ಮಿನಲ್ಲಿ ವಾಕಿಂಗ್ ಹೋಗುತ್ತಿದ್ದೆ. ಪಾರ್ಸಲ್ ಆಫೀಸಿನ ಎದುರಿನ ಬೆಂಚಿನಲ್ಲಿ ಚಹಾ ಕುಡಿಯುತ್ತ ಕುಡಿಯುತ್ತ ನಮಗೆ ಪರಿಚಯವಾಯಿತು. ಪರಿಚಯ ಎಂದು ಬರೆದೆ. ಈ ವಯಸ್ಸಿನಲ್ಲಿ ಲವ್ ಎಂದು ಬರೆಯಲು ಕೈ ಸಂಕೋಚಪಡುತ್ತದೆ, ಆದರೆ ಅದು ಅದೇ.

ಮದುವೆಯ ಮಾತು ತೆಗೆದವರು ಅವರೇ. ನೇರವಾಗಿ ಕೇಳಲಿಲ್ಲ. "ನಮ್ಮ ಕಡಿ ಉಡಿಕಿ ಅಂತ ಒಂದು ಅದಲ್ಲರಿ, ಟೀಚರ್," ಎಂದು ಚಹಾದ ಲೋಟದೊಳಗೆ ನೋಡುತ್ತ ಅಂದರು.

ಉಡಿಕಿ ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಅಜ್ಜಿ ಒಲೆಯ ಮುಂದೆ ದನಿ ತಗ್ಗಿಸಿ ಹೇಳುತ್ತಿದ್ದ ಸಂಗತಿ ಅದು. ಗಂಡ ಸತ್ತವಳು ಮತ್ತೊಬ್ಬನನ್ನು ಕಟ್ಟಿಕೊಳ್ಳುವಾಗ ಹಂದರ ಹಾಕುವುದಿಲ್ಲ, ವಾಲಗ ಊದುವುದಿಲ್ಲ, ಮುತ್ತೈದೆಯರು ಹತ್ತಿರ ಬರುವುದಿಲ್ಲ. ಅವನು ಒಂದು ಹೊಸ ಸೀರೆ ತಂದುಕೊಡುತ್ತಾನೆ, ಅವಳು ಅದನ್ನು ಉಡುತ್ತಾಳೆ. ಅಲ್ಲಿಗೆ ಮದುವೆ ಆಯಿತು. ಹೊಲಮನೆ ಮಾಡುವವರಲ್ಲಿ ಸಾಮಾನ್ಯವಾಗಿದ್ದ ಪದ್ಧತಿ. ಅಂಗಡಿ, ಮನೆತನ ಎಂದು ತಲೆ ಎತ್ತಿ ತಿರುಗುವ ನಮ್ಮಂಥವರು ಅದರ ಹೆಸರನ್ನೂ ಎತ್ತುವುದಿಲ್ಲ. ಎತ್ತಿದರೆ ಅದು ಬೈಗುಳಕ್ಕೆ.

ನಾನು ಹೂಂ ಅಂದೆ. ಊರಲ್ಲಿ ಬೇಡ, ದೂರ ಎಲ್ಲಾದರೂ ಸೀರೆ ಉಡಿಸುತ್ತೇನೆ, ಆಮೇಲೆ ಬಂದು ಮಕ್ಕಳಿಗೆ ಹೇಳುತ್ತೇನೆ, ಆದದ್ದನ್ನು ಯಾರು ಬಿಡಿಸುತ್ತಾರೆ ಎಂಬುದು ಅವರ ಲೆಕ್ಕ. ಅವರು ಸಮುದ್ರ ನೋಡಿರಲಿಲ್ಲ. ದುಬೈಯ ಮಗಳ ಮನೆಗೆ ಹೋಗಿದ್ದಾಗಲೂ ಮೊಮ್ಮಗನ ಜ್ವರದಿಂದ ಮನೆಯೊಳಗೇ ಇದ್ದು ಬಂದವರು. ಹಾಗಾಗಿ ಪಾಸ್‌ಪೋರ್ಟ್ ಇತ್ತು. ನನ್ನ ಬಳಿಯೂ ಒಂದಿತ್ತು, ಟೀಚರುಗಳೆಲ್ಲ ಸೇರಿ ಸಿಂಗಪುರಕ್ಕೆ ಹೋಗೋಣವೆಂದು ಮಾಡಿಸಿದ್ದು. ಆ ಟೂರ್ ಆಗಲೇ ಇಲ್ಲ. ಕಲಬುರಗಿಯ ಒಬ್ಬ ಏಜೆಂಟ್ ಎಲ್ಲ ವ್ಯವಸ್ಥೆ ಮಾಡಿದ. ಅವರು ಮನೆಯಲ್ಲಿ ಶ್ರೀಶೈಲ ಎಂದರು. ನಾನು ನನ್ನ ತಂಗಿಗೆ ಕನ್ಯಾಕುಮಾರಿ ಎಂದೆ.

ಹೊರಟದ್ದು ಆಷಾಢದಲ್ಲಿ. ಬಟ್ಟೆ ಅಂಗಡಿಯವರಿಗೆ ಪುರುಸೊತ್ತು ಸಿಗುವುದೇ ಆಗ. ಮದುವೆಗಳಿಲ್ಲ, ಜವಳಿ ತೆಗೆಯುವವರಿಲ್ಲ. ಗಾದಿಯ ಮೇಲೆ ಮುದುಕ ಇದ್ದಾನೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ. ಎಷ್ಟೋ ವರ್ಷ ಅಂಗಡಿಯ ಕ್ಯಾಲೆಂಡರಿನಲ್ಲಿಯೇ ಬದುಕಿದ ಮನುಷ್ಯ, ರಜೆ ಎಂದರೆ ಆಷಾಢ ಎಂದು ಟಿಕೆಟ್ ತೆಗೆಸಿಬಿಟ್ಟರು. ನನಗೂ ಹೊಳೆಯಲಿಲ್ಲ.

ಅಲ್ಲಿ ಮಳೆಗಾಲ. ಏಜೆಂಟನ ಫೋಟೋಗಳಲ್ಲಿ ಲಗೂನ್ ನೀಲಿಹಸಿರಿನ ಟರ್ಕಾಯ್ಸ್ ಬಣ್ಣದ್ದಾಗಿತ್ತು. ನಾವು ಸ್ಪೀಡ್‌ಬೋಟಿನಿಂದ ಇಳಿದಾಗ ಅದು ಅಕ್ಕಿ ತೊಳೆದ ನೀರಿನ ಹಾಗಿತ್ತು. ಮೋಡ ತೆಂಗಿನ ಗರಿಗಳ ತನಕ ಇಳಿದಿತ್ತು. ಒಬ್ಬ ನಡುವಯಸ್ಸಿನ ಹೆಂಗಸು ಕೊಡೆ ಹಿಡಿದು ಬಂದು ನಮ್ಮ ಕೊರಳಿಗೆ ಹೂವಿನ ಹಾರ ಹಾಕಿ, "ಹ್ಯಾಪಿ ಹನಿಮೂನ್, ಸರ್, ಮೇಡಂ," ಎಂದಳು. ನಗಲಿಲ್ಲ ಪಾಪ, ಚೆನ್ನಾಗಿ ಟ್ರೇನಿಂಗ್ ಕೊಟ್ಟಿದ್ದರು. ಅವರು ನನ್ನ ಕಡೆ ಬಾಗಿ, "ಏನಂದ್ಳ್ರಿ?" ಎಂದು ಕೇಳಿದರು. ಹೇಳಿದೆ. ಅವರ ಕಿವಿ ಕೆಂಪಾಯಿತು. ಆ ವಯಸ್ಸಿನ ಗಂಡಸು ಬ್ಲಶ್ ಆಗುವುದನ್ನು ನಾನು ಅದೇ ಮೊದಲು ನೋಡಿದ್ದು.

ನೀರಿನ ಮೇಲಿನ ಹಲಗೆಯ ದಾರಿ ಒದ್ದೆಯಾಗಿ ಜಾರುತ್ತಿತ್ತು. ಅವರು ನನ್ನ ಮಣಿಕಟ್ಟು ಹಿಡಿದು ವಿಲ್ಲಾದ ತನಕ ನಡೆಸಿಕೊಂಡು ಹೋದರು. ಒಳಗೆ ಮಂಚದ ತುಂಬ ಹೂವಿನ ಎಸಳು, ಟವೆಲ್ ಮಡಚಿ ಮಾಡಿದ ಎರಡು ಹಂಸಗಳು ಮೂತಿಗೆ ಮೂತಿ ತಾಗಿಸಿ ಕುಳಿತಿದ್ದವು. ಅವರು ಒಂದನ್ನು ಎತ್ತಿ ಮಡಿಕೆ ಬಿಚ್ಚಿ, ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ನೂಲು ಛಲೋ ಅದ. ನಮ್ಮಲ್ಲಿ ಇಂಥ ಮಾಲು ಬರಂಗಿಲ್ಲ."

"ಅಂಗಡಿ ಬಿಟ್ಟು ಬಂದೀರಿ ಸಾವಕಾರ್ರೇ," ಎಂದೆ.

"ಅಂಗಡಿ ನನ್ನ ಬಿಡಬೇಕಲ್ಲ."

ಆಮೇಲೆ ಸೋಫಾದ ಮೇಲೆ ತಮ್ಮ ಹೊದಿಕೆ ಹಾಸಿಕೊಂಡರು. ನಾನು ಏನೂ ಕೇಳದಿದ್ದರೂ ಅವರೇ ಹೇಳಿದರು: "ಸೀರಿ ಆಗೂತನಕ ನಾ ಇಲ್ಲೇ ಟೀಚರ್. ಆ ಪಲ್ಲಂಗ ನಿಮಗ."

ಅದು ನನಗೆ ಇಷ್ಟವಾಯಿತು. ಸೀರೆ ನಾಳೆ ಆಗಬಹುದು ಎಂದುಕೊಂಡೆ.

ಬೆಳಿಗ್ಗೆ ಮಳೆ ಬಿಟ್ಟಿತ್ತು. ನಾವಿಬ್ಬರೂ ಡೆಕ್ಕಿನ ಮೇಲೆ ಮೂಡಣಕ್ಕೆ ಮುಖ ಮಾಡಿ ಲಿಂಗಪೂಜೆಗೆ ಕುಳಿತೆವು. ಅವರು ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡರು. ಬೆನ್ನು ಕೋಲಿನಂತೆ ನೆಟ್ಟಗೆ, ಹಣೆಯ ಮೇಲೆ ಮೂರು ಬೆರಳು ವಿಭೂತಿ, ಕಣ್ಣು ಅರೆ ಮುಚ್ಚಿ, ಹಿಂದೆ ಬೂದು ಬಣ್ಣದ ನೀರು. ಪೂಜೆ ಬಿಟ್ಟು ಅವರನ್ನೇ ನೋಡುತ್ತ ಕುಳಿತೆ. ನಮ್ಮ ಸಿಸ್ಟರ್ಸ್ ಗಂಟೆಗಟ್ಟಲೆ ಪೋಸ್ಚರ್, ಪೋಸ್ಚರ್ ಎಂದು ಬೆನ್ನಿಗೆ ಸ್ಕೇಲ್ ಇಡುತ್ತಿದ್ದರು. ಇಷ್ಟು ಚೆಂದ ಕುಳಿತವರನ್ನು ಅಲ್ಲಿಯೂ ಕಂಡಿರಲಿಲ್ಲ.

ಮನೆಯಿಂದ ತಂದ ಖಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆವು. ರೊಟ್ಟಿಯ ಚೂರು ನೀರಿಗೆ ಬಿದ್ದರೆ ಪಟ್ಟೆಪಟ್ಟೆಯ ಮೀನುಗಳು ಬಂದು ಕಿತ್ತುಕೊಳ್ಳುತ್ತಿದ್ದವು. ಅವರು ಕೈ ತೊಳೆದು, ಸೂಟ್‌ಕೇಸ್ ತೆಗೆದು, ಅದನ್ನು ಹೊರಗೆ ತಂದರು. ಇಳಕಲ್ ಸೀರೆ. ಗಿಳಿಹಸಿರು ಒಡಲು, ಕೆಂಪು ಸೆರಗು, ಸೆರಗಿನಲ್ಲಿ ಜೋಳದ ತೆನೆಯಂಥ ಬಿಳಿ ಗೆರೆಗಳು.

"ನಮ್ಮ ಅಂಗಡ್ಯಾಗಿಂದು ತೆಗದ್ರ ಮಗ ಕೇಳ್ತಾನ, ಯಾರಿಗಂತ. ಸುರಪುರಕ್ಕ ಹೋಗಿ ಮತ್ತೊಬ್ಬರ ಅಂಗಡ್ಯಾಗ ಗಿರಾಕಿ ಆಗಿ ಕುಂತಿದ್ದೆ. ಆ ಸಾವಕಾರ ಚಹಾ ತರಿಸಿ, ಧಂದಾ ಬಿಟ್ಟೀರೇನ್ರಿ ಅಂತ ನಕ್ಕ."

"ಏನಂದ್ರಿ?"

"ತಂಗಿಗೆ ಅಂದೆ. ಮತ್ತೇನು ಅನ್ನಲಿ?"

ಕೌಂಟರಿನ ಮೇಲೆ ಹರಡುವ ಹಾಗೆಯೇ ಒಂದೇ ಸಲಕ್ಕೆ ಜಾಡಿಸಿ ಸೀರೆಯನ್ನು ನನ್ನ ತೊಡೆಯ ಮೇಲೆ ಹರಡಿದರು. ಆಗಲೇ ಅಲೆಯೊಂದು ಕಂಬಕ್ಕೆ ಬಡಿದು, ಹಲಗೆಗಳ ಸಂದಿಯಿಂದ ನೀರು ಚಿಮ್ಮಿ ಸೀರೆಯ ಅಂಚಿನ ಮೇಲೆ ಬಿತ್ತು. ಅವರು ಧೋತರದ ತುದಿಯಿಂದ ಒರೆಸಿದರು. ಒಣಗಿದ ಮೇಲೆ ಅಂಗೈ ಅಗಲದ ಉಪ್ಪಿನ ಗುರುತು ಉಳಿಯಿತು, ಬೆಳ್ಳಗೆ, ಒಂದು ಕಡೆ ಬಾಲ ಎಳೆದ ಹಾಗೆ.

ನಾನು ಎದ್ದು ನಿಂತೆ. ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. "ಒಳಗೆ ಹೋಗಿ ಉಟ್ಟುಕೊಂಡು ಬರಲೇ?" ಎಂದೆ.

ಅವರು ಬೆರಳು ಮಡಚುತ್ತ ಏನೋ ಎಣಿಸುತ್ತಿದ್ದರು. ಆಮೇಲೆ ತಲೆ ಎತ್ತಿದಾಗ ಮುಖ ಸಣ್ಣದಾಗಿತ್ತು.

"ಟೀಚರ್, ಆಷಾಢ ನಡದದಲ್ರಿ."

"ಆದರೇನು?"

"ಆಷಾಢದಾಗ ಹೊಸಾ ಸೀರಿ ಉಡಸಬಾರದು. ಹಾಂಗ ಉಡಿಸಿದ ಸಂಸಾರ ನಿಂದ್ರಂಗಿಲ್ಲ. ನಾ ನೋಡೀನಿ. ಈ ತಿಂಗಳದಾಗ ನನ್ನ ಕೈಲೆ ಒಂದು ಮದವಿ ಸೀರಿ ಹೋಗಿಲ್ಲ."

"ಇದು ಬೇರೆ ಕಂಟ್ರಿ. ಇಲ್ಲಿ ಆಷಾಢ ಎಲ್ಲಿಂದ ಬರಬೇಕು?"

"ದೇಶ ಬ್ಯಾರೆ ಇರಬಹುದು. ಚಂದಪ್ಪ ಅವನೇ ಅದಾನಲ್ಲ."

ಎಷ್ಟು ಸಿಲ್ಲಿ ಮಾತು ಎಂದು ಹೇಳಬಹುದಿತ್ತು. ಮಳೆಗೆ ಬೆಳ್ಳಗಾದ ಆಕಾಶದಲ್ಲಿ ಚಂದ್ರನೂ ಇರಲಿಲ್ಲ. ಸೀರೆಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಮಡಿಕೆಗೆ ಮಡಿಕೆ ಸೇರಿಸಿ, ಮೊದಲಿಗಿಂತ ಚೆಂದ ಮಡಚಿದರು.

"ನಾಗರ ಅಮಾವಾಸಿಗೆ ಆಷಾಢ ಮುಗಿಲಿ. ಪಂಚಮಿ ಉಂಡಿ ತಿಂದು, ಹುಡುಗರಿಗೆ ಹೇಳಿ, ನಿಮ್ಮ ಮನಿ ಪಡಸಾಲ್ಯಾಗೇ ಉಡಸ್ತೀನಿ. ಕದ ತಗದು ಉಡಸ್ತೀನಿ. ಆತಿಲ್ರಿ?"

"ಆತು," ಎಂದೆ.

ಉಳಿದ ದಿನಗಳು ಹಾಗೆಯೇ ಕಳೆದವು. ಮರಳಿನ ಮೇಲೆ ಮೇಣದಬತ್ತಿ ಹಚ್ಚಿ ನಮಗಾಗಿ ಡಿನ್ನರ್ ಇಟ್ಟಿದ್ದರು. ಗಾಳಿಗೆ ಬತ್ತಿ ನಿಲ್ಲಲಿಲ್ಲ, ಹಾರ ಹಾಕಿದ್ದ ಹೆಂಗಸು ಮತ್ತೆ ಮತ್ತೆ ಬಂದು ಹಚ್ಚಿದಳು. ಕೇಕಿನ ಮೇಲೆ ಹಾರ್ಟ್ ಇತ್ತು. ಮೊಟ್ಟೆ ಹಾಕಿರಬಹುದೆಂದು ಅವರು ಮುಟ್ಟಲಿಲ್ಲ, ನಾನೊಬ್ಬಳೇ ಒಂದು ತುಂಡು ತಿಂದೆ. ಸೋಫಾ ಸೋಫಾವೇ ಆಗಿತ್ತು, ಮಂಚ ಮಂಚವೇ. ಅವರು ನಿಜವಾಗಿ ಆಷಾಢಕ್ಕೆ ಅಂಜಿದರೋ, ಶಹಾಪುರಕ್ಕೆ ಅಂಜಿ ಆಷಾಢದ ಹೆಸರು ಹೇಳಿದರೋ ಎಂದು ನಾನು ಈಗಲೂ ಯೋಚಿಸುತ್ತೇನೆ. ಒಂದೊಂದು ದಿನ ಒಂದೊಂದು ಉತ್ತರ ಸರಿ ಎನಿಸುತ್ತದೆ.

ಹೊರಡುವ ದಿನ ಬೋಟ್ ಕಾಯುವಾಗ ಸ್ವಲ್ಪ ಹೊತ್ತು ಬಿಸಿಲು ಬಂತು. ಲಗೂನ್ ಫೋಟೋದಲ್ಲಿದ್ದ ಬಣ್ಣಕ್ಕೆ ತಿರುಗಿತು. "ನೋಡ್ರಿ, ಹೊಂಟ ಮ್ಯಾಲ ಮಾರಿ ತೋರಸ್ತದ," ಎಂದು ಅವರು ಅದನ್ನು ಬೈದರು.

ಊರಿಗೆ ಬಂದು ನಾವು ನಮ್ಮ ನಮ್ಮ ಮನೆ ಸೇರಿದೆವು. ಸೀರೆ ಅವರ ಬಳಿಯೇ ಉಳಿಯಿತು, ಉಡಿಸುವವನೇ ತರಬೇಕಲ್ಲ. ಪಂಚಮಿಗೆಂದು ನಾನು ಪಡಸಾಲೆಗೆ ಸುಣ್ಣ ಹೊಡೆಸಿದೆ. ತಂಗಿ ಫೋನಿನಲ್ಲಿ, "ಯಾರು ಬರಾಕತ್ತಾರ ಅಂತ ಇಷ್ಟು ಸಡಗರ?" ಎಂದಳು. ಗೋಡೆ ಕಪ್ಪಾಗಿತ್ತು ಎಂದೆ.

ಅಮಾವಾಸ್ಯೆ ಇನ್ನೂ ಬಂದಿರಲಿಲ್ಲ. ಸಂಜೆ ಪ್ಲಾಟ್‌ಫಾರ್ಮಿಗೆ ಹೋದಾಗ ಪಾರ್ಸಲ್ ಆಫೀಸಿನ ಗುಮಾಸ್ತರು ಬಾಗಿಲಲ್ಲಿ ನಿಂತಿದ್ದರು.

"ಟೀಚರ್, ಶಹಾಪುರದ ಸಾವಕಾರ್ರು ಹೋಗಿಬಿಟ್ರಂತಲ್ಲರಿ. ಮುಂಜಾನೆ ಪೂಜಿಗೆ ಕುಂತವರು ಎದ್ದೇ ಇಲ್ಲಂತ. ನಿಮಗ ಗುರ್ತು ಇದ್ರಲ್ಲ?"

"ಹೌದು," ಎಂದೆ. "ಗುರುತಿದ್ದರು."

ಮಣ್ಣು ಕೊಡುವುದು ಮರುದಿನ, ದುಬೈಯ ಮಗಳು ಬಂದ ಮೇಲೆ. ನಾನು ಬೆಳಗಿನ ಬಸ್ ಹಿಡಿದೆ. ದೋರನಹಳ್ಳಿಯಲ್ಲಿ ಬಸ್ ನಿಂತಾಗ ಇಳಿದು ವಾಪಸ್ ಹೋಗಿಬಿಡೋಣ ಎನಿಸಿತು. ಜನ ಹತ್ತಿದರು, ಬಸ್ ಹೊರಟಿತು, ನಾನು ಕುಳಿತೇ ಇದ್ದೆ.

ಅವರ ಮನೆಯ ಮುಂದೆ ಭಜನೆಯವರು ತಾಳ ಹಾಕುತ್ತಿದ್ದರು. ಅಂಗಳದಲ್ಲಿ ಬಾಳೆಕಂಬ ಕಟ್ಟಿ ವಿಮಾನ ಸಿದ್ಧವಾಗಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕುಳ್ಳಿರಿಸಿ ಒಯ್ಯುತ್ತೇವೆ. ಅವರನ್ನು ಅದರಲ್ಲಿ ಕುಳ್ಳಿರಿಸಿದ್ದರು. ಬೆನ್ನು ನೆಟ್ಟಗೆ, ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಕಣ್ಣು ಅರೆ ಮುಚ್ಚಿ. ಡೆಕ್ಕಿನ ಮೇಲೆ ಕುಳಿತಂತೆಯೇ ಇದ್ದರು. ಬೆನ್ನ ಹಿಂದೆ ಬೂದು ನೀರಿನ ಬದಲು ಗಿಳಿಹಸಿರು ಸೀರೆಯೊಂದನ್ನು ಅಗಲಕ್ಕೆ ಎಳೆದು ಕಟ್ಟಿದ್ದರು. ಅಂಚಿನಲ್ಲಿ ಅಂಗೈ ಅಗಲದ ಬಿಳಿ ಗುರುತು, ಒಂದು ಕಡೆ ಬಾಲ.

ನನ್ನ ಪಕ್ಕದಲ್ಲಿ ನಿಂತಿದ್ದವಳು ಅವರ ಸೊಸೆ. ಅತ್ತು ಅತ್ತು ದನಿ ಒಡೆದಿತ್ತು. "ನೀವು ಯಾರ ಪೈಕಿ ಆಗಬೇಕ್ರಿ?" ಎಂದು ಕೇಳಿದಳು.

"ಅಂಗಡಿ ಗಿರಾಕಿ," ಎಂದೆ.

ನಾನು ಸೀರೆಯನ್ನೇ ನೋಡುತ್ತಿದ್ದುದನ್ನು ಅವಳು ಗಮನಿಸಿದಳೇನೋ. "ಮಾವಾರ ಟ್ರಂಕಿನಾಗ ಇತ್ರಿ. ಯಾರಿಗಂತ ತಂದಿಟ್ಟಿದ್ರೋ, ಮಗಳಿಗಿರಬೇಕು. ಹೊಸಾದು ಅದ ಅಂತ ಹಿಂದ ಕಟ್ಟೀವಿ," ಎಂದಳು. ಆಮೇಲೆ ಮೆಲ್ಲಗೆ, "ಕಲಿ ಬಿದ್ದದ ನೋಡ್ರಿ ಅಂಚಿಗೆ. ಅಂಗಡಿಯವರ ಮನ್ಯಾಗ ಕಲಿ ಬಿದ್ದ ಸೀರಿ," ಎಂದು ನೊಂದುಕೊಂಡಳು.

"ಕಾಣುವುದಿಲ್ಲ ಬಿಡವ್ವ," ಎಂದೆ.

ನನ್ನ ಸರದಿ ಬಂದಾಗ ಹತ್ತಿರ ಹೋಗಿ ಪತ್ರಿ ಏರಿಸಿದೆ. ಕೈ ಹಿಂದೆಗೆಯುವಾಗ ಸೀರೆಯ ಅಂಚು ಬೆರಳಿಗೆ ತಾಗಿತು. ಗುರುತು ಬಿದ್ದ ಜಾಗ ಇನ್ನೂ ಬಿರುಸಾಗಿತ್ತು. ನನ್ನ ಹಿಂದೆ ಇನ್ನೂ ಜನರಿದ್ದರು, ಯಾರೋ "ಸರೀರಿ ಅಮ್ಮಾರ" ಎಂದರು. ಸರಿದು ನಿಂತೆ.

ಗಂಡಸರು ವಿಮಾನ ಎತ್ತಿದರು. ಬೀದಿಯ ಕಡೆಗೆ ತಿರುಗಿಸುವಾಗ ಒಂದು ಗಳಿಗೆ ಅವರ ಮುಖ ನೇರವಾಗಿ ನನ್ನ ಕಡೆ ಬಂತು. ಆಮೇಲೆ ವಿಮಾನ ಪೂರ್ತಿ ತಿರುಗಿತು, ಮುಖ ಆ ಕಡೆ ಹೋಯಿತು, ಸೀರೆ ಈ ಕಡೆ ಬಂತು. ಮೂಲೆಯ ಹಿಟ್ಟಿನ ಗಿರಣಿ ದಾಟುವ ತನಕ ನನಗೆ ಕಂಡದ್ದು ಆ ಹಸಿರು ಮಾತ್ರ, ಗಾಳಿಗೆ ಒಂದಿಷ್ಟು ಉಬ್ಬುತ್ತ, ಮತ್ತೆ ಅವರ ಬೆನ್ನಿಗೆ ಅಂಟಿಕೊಳ್ಳುತ್ತ.