ಅರ್ಧ ಎತ್ತಿದ ಶಟರು

ನನ್ನ ಹಣೆಯ ಮೇಲೊಂದು ಬುಗುಟೆದ್ದಿದೆ. ಕಂಡವರೆಲ್ಲ ನನ್ನ ಮನೆಯಾಕೆಯತ್ತ ಅರ್ಥಗರ್ಭಿತವಾಗಿ ನೋಡುತ್ತಾರೆ. ಪಾಪ, ಆಕೆ ನಿರಪರಾಧಿ. ತಪ್ಪೆಲ್ಲ ಡೈನೋಸಾರಿನದು.

ಭದ್ರಾವತಿಯಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಬೋಧಿಸಿ ನಿವೃತ್ತನಾದ ಮೇಲೆ, ಶ್ರೋತೃಗಳ ಅಭಾವ ನೀಗಿಸಿಕೊಳ್ಳಲು ನಾನು ದಿನಾ ಬಸ್ಸು ಹಿಡಿದು ಮಾಚೇನಹಳ್ಳಿಗೆ ಹೋಗುತ್ತೇನೆ. ಅಲ್ಲಿ ನನ್ನ ಹಳೆಯ ಶಿಷ್ಯ ನಜೀರನ ಲೇತ್ ವರ್ಕ್‌ಶಾಪಿದೆ. ಮಗಳ ಮದುವೆಗೆಂದು ಹದಿನೈದು ದಿನ ಮುಚ್ಚಿದ್ದ ಅವನು ತಿರುಗಿ ಬಂದು ಶಟರು ಎತ್ತಹೊರಟರೆ, ಅದು ಸುತ್ತಿಕೊಳ್ಳುವ ಪೆಟ್ಟಿಗೆಯಲ್ಲಿ ಗುಬ್ಬಚ್ಚಿಯ ಸಂಸಾರ! ಪೂರ್ತಿ ಎತ್ತಿದರೆ ಸುರುಳಿ ದಪ್ಪವಾಗಿ ಗೂಡು ಅಪ್ಪಚ್ಚಿಯಾಗುತ್ತಿತ್ತು. ನಜೀರ್ ಎದೆಮಟ್ಟಕ್ಕೆ ಎತ್ತಿ ನಿಲ್ಲಿಸಿದ. ಅಂದಿನಿಂದ ಎಲ್ಲರೂ ಬಗ್ಗಿಯೇ ಒಳಗೆ ಹೋಗಬೇಕು. ಬಗ್ಗಿ ಅಭ್ಯಾಸವಿಲ್ಲದ ಮೇಷ್ಟ್ರಿಗೆ ದಿನವೂ ಏಟು.

ಮೊದಲ ಏಟಿಗೇ ನನ್ನೊಳಗಿನ ಉಪನ್ಯಾಸಕ ಎಚ್ಚರಗೊಂಡ. ಡೈನೋಸಾರುಗಳಲ್ಲೇ ಎರಡು ಕಾಲಿನ, ಗರಿ ಮೂಡಿದ ಪುಟ್ಟ ಕವಲೊಂದು ಕಾಲಾಂತರದಲ್ಲಿ ಹಕ್ಕಿಯಾಯಿತೆಂದೂ, ಆರೂವರೆ ಕೋಟಿ ವರ್ಷಗಳ ಹಿಂದೆ ಬಾನಿಂದ ಬಂಡೆ ಬಿದ್ದು ಬಿಸಿಲು ಮಂಕಾಗಿ ಮಹಾಕಾಯರೆಲ್ಲ ಹಸಿದು ಮಣ್ಣಾದಾಗ, ಅಲ್ಪತೃಪ್ತರಾದ ಕೆಲವು ಹಕ್ಕಿಗಳು ಮಣ್ಣಿನಲ್ಲುಳಿದ ಬೀಜ ಹೆಕ್ಕಿ ಜೀವ ಉಳಿಸಿಕೊಂಡಿರಬೇಕೆಂದೂ ಸವಿಸ್ತಾರವಾಗಿ ಹೇಳಿದೆ.

ನಜೀರ್ ತಲೆಯೆತ್ತಿ ಪೆಟ್ಟಿಗೆ ನೋಡಿದ. “ಅಷ್ಟೆಲ್ಲಾ ದಾಟ್ಕೊಂಡು ಬಂದು, ಕೊನೇಗೆ ನನ್ ಶಟರಿಗೆ ಸಿಕ್ಕಿ ಸಾಯ್ಬೇಕಾ ಸಾರ್?”

ಮೊಟ್ಟೆಯೊಡೆದು ಮೂರು ಮರಿಗಳಾದವು. ಅಷ್ಟರಲ್ಲಿ ಅಕ್ಕಿ ಗಿರಣಿಯೊಂದರ ದೈತ್ಯ ಚಕ್ರ ಹೊತ್ತು ಲಾರಿ ಬಂತು. ನಜೀರ್ ತಿಂಗಳುಗಳಿಂದ ಕಾದಿದ್ದ ಕೆಲಸ. ಅರ್ಧ ಬಾಗಿಲಲ್ಲಿ ಅದು ನುಸುಳುವಂತಿರಲಿಲ್ಲ.

“ಒಂದು ಗುಬ್ಬಿಗೋಸ್ಕರ ಕೆಲ್ಸ ಬಿಡ್ತೀಯಾ ಮಾರಾಯ? ಎತ್ತು ಶಟರು!” ಎಂದು ಡ್ರೈವರ್ ರೇಗಿದ.

ನಜೀರ್ ಶಟರಿನ ಅಂಚು ಹಿಡಿದ. ಮೇಲೆ ಮರಿಗಳು ಚಿಲಿಪಿಲಿಗುಟ್ಟುತ್ತಿದ್ದವು. ಆರೂವರೆ ಕೋಟಿ ವರ್ಷಗಳನ್ನು ನಿರರ್ಗಳವಾಗಿ ವರ್ಣಿಸಿದ್ದ ನನಗೆ ಆ ಅರೆಗಳಿಗೆಯಲ್ಲಿ ಒಂದು ಮಾತೂ ಹೊರಡಲಿಲ್ಲ.

ನಜೀರ್ ಕೈ ಬಿಟ್ಟ. “ಹತ್ತು ದಿನ ಬಿಟ್ಟು ತನ್ನಿ ಅಣ್ಣಾ.”

ಲಾರಿ ಶಿವಮೊಗ್ಗದ ಕಡೆ ತಿರುಗಿತು, ಮತ್ತೆ ಬರಲಿಲ್ಲ. ಸುಮ್ಮನಿರದ ನನ್ನ ಬಾಯಿಯಿಂದಲೇ ಇಷ್ಟಾಯಿತಲ್ಲ ಎಂದು ನನಗೆ ತುಂಬ ಸಂಕಟವಾಯಿತು. ನಜೀರನ ಹತ್ತಿರ ಹೇಳಿಕೊಂಡರೆ, “ಬಿಡಿ ಸಾರ್, ಚಾ ಕುಡೀರಿ” ಎಂದ.

ನಿನ್ನೆ ಮೂರನೆಯ ಮರಿಯೂ ಎದುರಿನ ಹೊಂಗೆಮರಕ್ಕೆ ಹಾರಿತು. ಇಂದು ನಾನು ಹೋದಾಗ ಶಟರು ಪೂರ್ತಿ ಮೇಲಿತ್ತು. ಬೆಳಕು ಲೇತಿನ ತನಕ ಹರಿದಿತ್ತು. ನಾನು ಬುಗುಟನ್ನು ಸವರಿಕೊಂಡು, ಬಗ್ಗಿಯೇ ಒಳಗೆ ಹೋದೆ.

ನಜೀರ್ ನಕ್ಕ. “ಸಾರ್, ಪೂರ್ತಿ ಎತ್ತಿದೀನಲ್ಲ!”

“ಗೊತ್ತು ಕಣೋ,” ಎಂದೆ. “ಈಗ ಬಗ್ಗಿದ್ದು ಶಟರಿಗಲ್ಲ.”