ಗಾಡಿಯ ಹಿಂದೆ ನಡೆಯುವ ಆಂಜಿನಮ್ಮ

"ಇವತ್ತೆಷ್ಟು ಬೆಟ್ಟು ಜಾರ್ತೀಯೋ?"

ಕೇಳಿದ್ದು ಮನುಷ್ಯರನ್ನಲ್ಲ, ಎದುರಿಗಿದ್ದ ಗಾಡಿಯನ್ನು. ಬೆಳಗಿನ ಐದೂಮುಕ್ಕಾಲು. ಬಡವನಹಳ್ಳಿ ಕಡೆಗೆ ಹೋಗುವ ಹಳ್ಳಿ ರಸ್ತೆಯಲ್ಲಿ ಮೊಲದೇರು ಎಂಬ ಏರು ಶುರುವಾಗುವ ಕಡೆ, ಹೊಂಗೆ ಮರದ ಬುಡದಲ್ಲಿ ಆಂಜಿನಮ್ಮ ನಿಂತಿದ್ದಾರೆ. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ ಸೀರೆ, ಅದರ ಮೇಲೊಂದು ಗಂಡಸರ ತುಂಬುದೋಳಿನ ಅಂಗಿ. ಕೈಯಲ್ಲಿ ಜಾಲಿ ಮರದ ಮೂರು ಮೂಲೆಯ ದಿಮ್ಮಿ. ಅದಕ್ಕೆ ಬೋಲ್ಟು ಹಾಕಿ ಕೂರಿಸಿದ ಉದ್ದನೆಯ ಕಬ್ಬಿಣದ ಹಿಡಿ. ಎದುರಿಗೆ ಮೂರು ಡೀಸೆಲ್ ಪಿಕಪ್ ಗಾಡಿಗಳು ಸಾಲಾಗಿ ನಿಂತಿವೆ. ಒಂದು ಬಿಳಿ, ಒಂದು ಬೂದು, ಒಂದು ನೀಲಿ. ಬಿಳಿ ಗಾಡಿಯ ಹಿಂದಕ್ಕೆ ಕಾಂಕ್ರೀಟ್ ಕಲಸುವ ಮಿಷನ್ನನ್ನು ಕೊಂಡಿ ಹಾಕಿ ಕಟ್ಟಿದೆ. ಡ್ರಮ್ಮು, ಲಿಫ್ಟು, ಇಂಜಿನ್ನು ಎಲ್ಲ ಸೇರಿ ಎರಡು ಟನ್ನಿಗೆ ಕಡಿಮೆಯಿಲ್ಲದ ಭಾರ.

ಈ ಮೂರರಲ್ಲಿ ಒಂದು ಗಾಡಿ ಇವತ್ತಿನಿಂದ ರಂಗಸ್ವಾಮಿ ಮೇಸ್ತ್ರಿಯ ಗ್ಯಾಂಗಿನದ್ದಾಗಬೇಕು. ಹನ್ನೊಂದು ವರ್ಷ ಎಳೆದ ಹಳೆಯ ಪಿಕಪ್ಪಿನ ಇಂಜಿನ್ ಮಧುಗಿರಿಯ ಗ್ಯಾರೇಜಿನಲ್ಲಿ ಬಿಚ್ಚಿ ಹರಡಿಕೊಂಡು ಕೂತಿದೆ. ಮತ್ತೆ ಜೋಡಿಸಿದರೂ ಈ ಭಾರ ಎಳೆಯಲಾರದು ಎಂದು ಮೆಕ್ಯಾನಿಕ್ ಕೈಯೆತ್ತಿದ್ದಾನೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿ ಯಾರ ಮನೆಯ ತಾರಸಿಗೆ ಮೋಲ್ಡ್ ಹಾಕುವುದಿದ್ದರೂ ಮಿಷನ್ನನ್ನು ಹಿಂದೆ ಕಟ್ಟಿಕೊಂಡು, ಮೇಲೆ ಹದಿನೆಂಟು ಆಳು ಕೂತುಕೊಂಡು ಹೋಗುವ ಗ್ಯಾಂಗಿದು. ಮೇಸ್ತ್ರಿಯ ಶೆಡ್ಡು ಇರುವುದು ಏರಿನ ಕೆಳಗೆ. ಎಲ್ಲಿಗೇ ಹೋಗಲಿ, ಮೊದಲು ಮೊಲದೇರು ಹತ್ತಬೇಕು.

ಹದಿನೇಳು ಜನ ಗಾಡಿಯ ಮೇಲೆ ಕೂತು ಹತ್ತುತ್ತಾರೆ. ಹದಿನೆಂಟನೆಯವರು ಆಂಜಿನಮ್ಮ. ಅವರು ದಿಮ್ಮಿ ಹಿಡಿದು ಮಿಷನ್ನಿನ ಹಿಂದೆ ನಡೆಯುತ್ತಾರೆ. ಏರಿನಲ್ಲಿ ಗಾಡಿ ಕೈಕೊಟ್ಟು ಹಿಂದಕ್ಕೆ ಜಾರಿದರೆ ಆ ದಿಮ್ಮಿ ಚಕ್ರದ ಬುಡಕ್ಕೆ ಹೋಗಬೇಕು. ಅದೇ ಅವರ ಕೆಲಸ. ಏರು ಮುಗಿದ ಮೇಲೆ ಅವರೂ ಎಲ್ಲರಂತೆ ಗಾಡಿ ಹತ್ತಿ, ಊರು ಮುಟ್ಟಿದ ಮೇಲೆ ಎಲ್ಲರಂತೆ ಜಲ್ಲಿ ಹೊರುತ್ತಾರೆ. ಮೋಲ್ಡ್ ಹಾಕಿಸಿಕೊಂಡ ಮನೆಯವರು ಮೇಸ್ತ್ರಿಗೆ ಎಲೆಅಡಿಕೆ ಕೊಡುತ್ತಾರೆ, ಕಂಬಿ ಕಟ್ಟಿದವನನ್ನು ನೆನೆಯುತ್ತಾರೆ. ಮಿಷನ್ನು ಆ ಮನೆಯ ಬಾಗಿಲಿಗೆ ಕ್ಷೇಮವಾಗಿ ಬಂದದ್ದು ಹೇಗೆಂದು ಕೇಳಿದವರಿಲ್ಲ.

"ಕೇಳೋದೇನೈತೆ? ಬಂತಲ್ಲ" ಎನ್ನುತ್ತಾರೆ ಆಂಜಿನಮ್ಮ. "ಬರ್ದೆ ಇದ್ರೆ ಕೇಳೋರು."

ವಯಸ್ಸು ಐವತ್ತೆರಡೋ ಐವತ್ತಮೂರೋ. ಕುರಿ ಮೇಯಿಸುವ ಹಟ್ಟಿಯವರು. ಗಂಡ ಯತ್ತಪ್ಪ ಇವತ್ತಿಗೂ ನಲವತ್ತು ಮೇಕೆ ಹಿಡಿದುಕೊಂಡು ಇದೇ ಗುಡ್ಡದ ಸುತ್ತ ಅಲೆಯುತ್ತಾರೆ. ಹನ್ನೊಂದು ವರ್ಷದ ಹಿಂದೆ ಆ ಮೇಕೆಗಳ ಹಿಂದಿದ್ದವರು ಆಂಜಿನಮ್ಮ. ಒಂದು ಬೆಳಗ್ಗೆ ಏರಿನ ನಡುವೆ ಪಿಕಪ್ಪಿಗೆ ಎದುರಾಗಿ ಬಸ್ಸು ಬಂತು. ಪಿಕಪ್ಪು ನಿಂತಿತು. ಮತ್ತೆ ಹೊರಟಾಗ ಮೇಲಕ್ಕೆ ಹೋಗುವ ಬದಲು ಮಿಷನ್ ಸಮೇತ ಹಿಂದಕ್ಕೆ ಜಾರತೊಡಗಿತು. ಮೇಲಿದ್ದವರ ಕೂಗು ಕೇಳಿ ಆಂಜಿನಮ್ಮ ದಂಡೆಯಿಂದ ಇಳಿದು ಬಂದವರೇ, ಪಕ್ಕದ ಹೊಲದ ಬದುವಿನ ಕಲ್ಲೊಂದನ್ನು ಎತ್ತಿ ಚಕ್ರಕ್ಕೆ ಕೊಟ್ಟರು. ಮಿಷನ್ನು ವಾಲಿ ಗುಡ್ಡಕ್ಕೆ ಒರಗಿ ನಿಂತಿತು. ಇನ್ನೊಂದು ಪಕ್ಕಕ್ಕೆ ಮೂರಾಳು ಆಳದ ಹಳ್ಳ.

"ಯಾವ ಚಕ್ರಕ್ಕೆ ಕೊಡ್ಬೇಕು ಅಂತ ನಿಂಗೆ ಯಾರಕ್ಕ ಹೇಳ್ಕೊಟ್ರು?" ಎಂದು ಕೇಳಿದ್ದರಂತೆ ರಂಗಸ್ವಾಮಿ ಮೇಸ್ತ್ರಿ. ಅದಕ್ಕೆ ಇವರು, "ಜಾರೋ ಮೇಕೆನ ಹಳ್ಳದ ಕಡೆ ಕಾಲು ಹಿಡುದು ತಡೀತಾರಾ? ಗುಡ್ಡದ ಕಡೆ ಚಕ್ರ ಹಿಡುದ್ರೆ ಗುಡ್ಡದ ಕಡೆಗೇ ತಿರುಗ್ತದೆ" ಎಂದರಂತೆ. ನಾಳೆಯಿಂದಲೇ ಬಾ ಎಂದರು ಮೇಸ್ತ್ರಿ. ಮೇಕೆಗಳು ಯತ್ತಪ್ಪನ ಪಾಲಾದವು.

ಹನ್ನೊಂದು ವರ್ಷದಲ್ಲಿ ಈ ಏರನ್ನು ಎಷ್ಟು ಸಲ ನಡೆದಿರಬಹುದು? ವರ್ಷಕ್ಕೆ ನೂರೈವತ್ತು ಮೋಲ್ಡು ಎಂದರೂ ಸಾವಿರದ ಆರುನೂರು ದಾಟುತ್ತದೆ. ಪಾವಗಡದ ದಾರಿಯ ಏರುಗಳು, ಕೊರಟಗೆರೆಯ ಕಾಡಿನ ತಿರುವುಗಳು ಬೇರೆ. ಅಷ್ಟರಲ್ಲಿ ದಿಮ್ಮಿ ನಿಜಕ್ಕೂ ಚಕ್ರದ ಭಾರ ಹೊತ್ತದ್ದು ನಾಲ್ಕೇ ಸಲ. ನಾಲ್ಕೂ ಸಲದ ಗಾಯ ಮರದ ಮೇಲಿದೆ. ಮೂರನೇ ಸಲದ ಗಾಯ ಅವರ ಎಡಗಾಲಿನಲ್ಲೂ ಇದೆ; ಕಿರುಬೆರಳಿಲ್ಲ.

"ನಾಕು ಸಲ ಅಂತ ಲೆಕ್ಕ ಹೇಳೋದು ಸುಲ್ಬ. ಯಾವತ್ತು ಅಂತ ಅದು ಮೊದ್ಲೇ ಹೇಳ್ತದಾ? ಅದ್ಕೇ ದಿನಾ ಹೆದರ್ಕಬೇಕು" ಎನ್ನುತ್ತಾರೆ. ಏರು ದಾಟುವವರೆಗೆ ಅವರು ಏನೂ ತಿನ್ನುವುದಿಲ್ಲ. ಬುತ್ತಿ ಬಿಚ್ಚುವುದು ಆಚೆಗಿನ ಕಟ್ಟೆಯ ಮೇಲೆಯೇ.

ಗ್ಯಾಂಗಿನಲ್ಲೊಂದು ಕಟ್ಟುಪಾಡು ತಾನಾಗಿ ಬೆಳೆದಿದೆ. ಬೆಳಗ್ಗೆ ಆಂಜಿನಮ್ಮ ಕೊಂಡಿಯ ಪಿನ್ನು ಅಲುಗಿಸಿ ನೋಡುತ್ತಾರೆ, ಚಕ್ರಕ್ಕೆ ದಿಮ್ಮಿಯಿಂದ ಎರಡು ಏಟು ಕೊಟ್ಟು ಸದ್ದು ಕೇಳುತ್ತಾರೆ, ಹಟ್ಟಿಯ ಆಂಜನೇಯನ ಗುಡಿಯ ಕಡೆ ತಿರುಗಿ ಕೈಮುಗಿಯುತ್ತಾರೆ. ಆಮೇಲೆ ಒಂದೇ ಮಾತು: "ಹತ್ರಪ್ಪಾ." ಆ ಮಾತು ಬರುವವರೆಗೆ ಯಾರೂ ಗಾಡಿಯ ಮೇಲೆ ಕಾಲಿಡುವುದಿಲ್ಲ. ಯುಗಾದಿಯ ಮರುದಿನ ಗ್ಯಾಂಗಿಗೆ ಸೇರಿದ ಸೊಸೆ ಧನಲಕ್ಷ್ಮಿಯೂ ಕಾಯುತ್ತಾಳೆ. ಜಾಗ ಸಾಲದೆ ಅವಳು ಕೂರುವುದು ಹಿಂದಿನ ಬಾಗಿಲಿನ ಅಂಚಿನಲ್ಲಿ, ಕಾಲು ಇಳಿಬಿಟ್ಟುಕೊಂಡು, ಮಿಷನ್ನಿಗೆ ಎದುರಾಗಿ. ಹಿಂದೆ ನಡೆಯುವ ಅತ್ತೆಗೆ ಏರಿನುದ್ದಕ್ಕೂ ಕಾಣುವುದು ಆ ಎರಡು ಕಾಲುಗಳು.

ಇವತ್ತು ಮಾತ್ರ ಯಾರೂ ಹತ್ತುವಂತಿಲ್ಲ. ಮೊದಲು ಗಾಡಿಗಳ ಪರೀಕ್ಷೆ. ಗ್ಯಾಂಗು ಮೋರಿಯ ಕಟ್ಟೆಯ ಮೇಲೆ ಕೂತು ನೋಡುತ್ತಿದೆ. ಮಿಷನ್ನನ್ನು ಒಂದರಿಂದ ಒಂದಕ್ಕೆ ಬದಲಿಸಿ ಕಟ್ಟಿ, ಮೂರನ್ನೂ ಓಡಿಸುವವನು ಗ್ಯಾಂಗಿನ ಡ್ರೈವರ್ ಚಿಕ್ಕರಾಜು ಒಬ್ಬನೇ. ಕಾಲು ಬದಲಾದರೆ ಲೆಕ್ಕ ತಪ್ಪುತ್ತದೆ ಎಂದು ಆಂಜಿನಮ್ಮನೇ ಹೇಳಿದ್ದಾರೆ. ಏರಿನಲ್ಲಿ ಮೂರು ಕಡೆ ಗಾಡಿ ಪೂರ್ತಿ ನಿಲ್ಲಬೇಕು: ಹುಣಸೆ ಮರದ ಹತ್ತಿರ, ಕರೆಂಟು ಕಂಬದ ಹತ್ತಿರ, ಕೊನೆಯ ತಿರುವಿನಲ್ಲಿ. ನಿಂತಾಗ ಅವರು ಮಿಷನ್ನಿನ ಚಕ್ರಕ್ಕೆ ಸರಿಯಾಗಿ ಒಂದು ಗೇಣು ಬಿಟ್ಟು ದಿಮ್ಮಿ ಇಡುತ್ತಾರೆ. ಗಾಡಿ ಮತ್ತೆ ಹೊರಡುವಾಗ ಹಿಂದಕ್ಕೆ ಜಾರಿ ಆ ಗೇಣಿನಲ್ಲಿ ಎಷ್ಟು ಬೆರಳು, ಅವರ ಮಾತಿನಲ್ಲಿ ಎಷ್ಟು ಬೆಟ್ಟು, ತಿಂದಿತು ಎಂಬುದೇ ಅಳತೆ.

"ಓಡೋದ್ರಲ್ಲಿ ಏನೈತೆ, ಎಲ್ಲಾ ಗಾಡೀನೂ ಓಡ್ತದೆ. ನಿಂತು ಹೊರಡೋದ್ರಲ್ಲಿ ಐತೆ ಅದ್ರ ಬಂಡವಾಳ."

ಬಿಳಿ ಗಾಡಿಯನ್ನು ತಂದವನು ಶಿರಾದ ದಲ್ಲಾಳಿ ಅಂಬರೀಶ್, ಮೇಸ್ತ್ರಿಯ ಷಡ್ಡಕ. ಎರಡು ವರ್ಷವಷ್ಟೇ ಓಡಿದ ಗಾಡಿ. ಕನ್ನಡಿಯಂಥ ಬಣ್ಣ, ಒಳಗೆ ಎಸಿ, ಮುಟ್ಟಿದರೆ ತಿರುಗುವ ಸ್ಟೀರಿಂಗು. "ಬಿಲ್ಕುಲ್ ಹೊಸದು ಕಣಮ್ಮೋ. ನಿನ್ ದಿಮ್ಮಿನ ಒಲೆಗಿಕ್ಕೋ, ಮುದ್ದೆ ಬೇಯ್ತದೆ" ಎಂದು ನಗುತ್ತಾನೆ. ಆಂಜಿನಮ್ಮ ನಗುವುದಿಲ್ಲ. ಹುಣಸೆ ಮರದ ಹತ್ತಿರ ಬಿಳಿ ಗಾಡಿ ನಿಂತು ಹೊರಡುತ್ತದೆ. ಜಾರಿದ್ದು ಒಂದೇ ಬೆರಳು. ಮೇಸ್ತ್ರಿ ಕೆಳಗಿನಿಂದಲೇ ಶಿಳ್ಳೆ ಹೊಡೆಯುತ್ತಾರೆ. ಕಂಬದ ಹತ್ತಿರ ಐದು ಬೆರಳು. ಕೊನೆಯ ತಿರುವಿನಲ್ಲಿ ಇಂಜಿನ್ನಿನ ಸದ್ದು ಏರಿ, ನಡುವೆ ಒಂದು ಚಣ ಕಡಿದುಹೋಗುತ್ತದೆ. ಆಂಜಿನಮ್ಮನ ಮುಖ ಅಷ್ಟರಲ್ಲೇ ಬಿಗಿಯುತ್ತದೆ. ಚಕ್ರ ಗೇಣನ್ನು ಪೂರ್ತಿ ನುಂಗಿ ಧಪ್ಪೆಂದು ದಿಮ್ಮಿಗೆ ಬಡಿಯುತ್ತದೆ. ಮರ ಕಿರುಗುಡುತ್ತದೆ. ಗಾಡಿ ದಿಮ್ಮಿಯ ಮೇಲೆ ಭಾರ ಹಾಕಿ ನಿಂತು, ಕ್ಲಚ್ಚು ಸುಟ್ಟ ವಾಸನೆ ಬಿಟ್ಟು, ತಿಣುಕಿ ಮೇಲೇರುತ್ತದೆ.

"ಡ್ರೈವರ್ ಕಾಲು ಸರಿಯಿಲ್ಲ" ಎಂದು, ಗಾಡಿ ಕೆಳಗೆ ಬಂದಾಗ, ಅಂಬರೀಶ್ ರೇಗುತ್ತಾನೆ.

"ಹಂಗಾದ್ರೆ ನೀನೇ ಓಡ್ಸಪ್ಪ" ಎಂದು ಚಿಕ್ಕರಾಜು ಕೀಲಿ ಚಾಚುತ್ತಾನೆ. "ಹಿಂದ್ಗಡೆ ಆಂಜಿನಕ್ಕ ಇರ್ತಾರೆ, ಹೆದರ್ಕಬ್ಯಾಡ."

ಕೀಲಿಯನ್ನು ಅಂಬರೀಶ್ ಮುಟ್ಟುವುದಿಲ್ಲ. ಫೋನು ನೋಡಿಕೊಳ್ಳುತ್ತಾನೆ.

ಸದ್ದಿನ ನಡುವಿನ ಆ ಒಂದು ಚಣ ಅವರಿಗೆ ಹೇಗೆ ಗೊತ್ತಾಯಿತು? ಆಂಜಿನಮ್ಮನಿಗೆ ಓದು ಬಾರದು. ಆದರೆ ಚಿಕ್ಕಂದಿನಿಂದ ಶನಿವಾರ ಶನಿವಾರ ಗುಡಿಯಲ್ಲಿ ಪದ್ಯ ಓದುವುದನ್ನು ಕಂಬಕ್ಕೊರಗಿ ಕೇಳಿದವರು. "ರಾಗವಾಗಿ ಓದೋರು ಎಲ್ಲಿ ಉಸುರು ತಗಾತಾರೆ ಅಂತ ಕೇಳ್ತಾ ಕೇಳ್ತಾ ತಿಳೀತದೆ. ಉಸುರು ಸಾಲ್ದೆ ಹೋದೋರು ಪದದ ನಡುವ್ಲೇ ಕಡೀತಾರೆ. ಗಾಡೀನೂ ಅಂಗೇ. ಏರು ಮುಗಿಯೋಕ್ಮುಂಚೆ ಉಸುರು ಕಡುದ್ರೆ, ನಾನು ಬಗ್ಗಬೇಕು ಅಂತ ಅರ್ಥ."

ಬೂದು ಗಾಡಿ ಮೂರು ಕಡೆಯೂ ಎರಡು ಬೆರಳಿಗಿಂತ ಹೆಚ್ಚು ಜಾರುವುದಿಲ್ಲ. ಆದರೆ ಮೇಲೆ ಹೋಗಿ ನಿಂತಾಗ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಮುಟ್ಟಿದೆ. ಮುಚ್ಚಳದ ಸಂದಿಯಿಂದ ಹಬೆ. ಮಿಷನ್ನಿನ ಭಾರಕ್ಕೆ ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಕುಗ್ಗಿ ಮೂತಿ ಮೇಲೆದ್ದಿದೆ. "ಇದು ಎಳೀತದೆ, ಆದ್ರೆ ತನ್ನನ್ನ ತಾನು ತಿನ್ಕಂಡು ಎಳೀತದೆ. ಆರು ತಿಂಗಳು" ಎನ್ನುತ್ತಾರೆ ಆಂಜಿನಮ್ಮ. ಅದರ ಮಾಲೀಕನೂ ಹೌದೆಂದು ತಲೆಯಾಡಿಸುತ್ತಾನೆ.

ನೀಲಿ ಗಾಡಿ ಕೊಡಿಗೇನಹಳ್ಳಿಯದು. ಒಂಬತ್ತು ವರ್ಷ ಹಳೆಯದು. ಬಾಗಿಲಿಗೆ ಹಗ್ಗ ಕಟ್ಟಿದೆ, ಎಸಿ ಹೋಗಲಿ, ಒಂದು ಕಿಟಕಿಗೆ ಗಾಜೇ ಇಲ್ಲ. ಹೊರಡುವಾಗ ಕೆಮ್ಮುತ್ತದೆ. ಬಿಳಿ ಗಾಡಿ ನಾಲ್ಕು ನಿಮಿಷದಲ್ಲಿ ಹತ್ತಿದ ಏರಿಗೆ ಇದಕ್ಕೆ ಒಂಬತ್ತು ನಿಮಿಷ. ಕಟ್ಟೆಯ ಮೇಲಿದ್ದವರು ಒಬ್ಬರಿಗೊಬ್ಬರು ಮೊಣಕೈ ತಿವಿಯುತ್ತಾರೆ. "ಇದ್ರ ಹಿಂದೆ ನಡೆದ್ರೆ ನಮ್ಮತ್ತೆನೇ ಮೊದ್ಲು ಮಧುಗಿರಿ ಸೇರ್ತಾರೆ ಕಣ್ಲಾ" ಎಂದು ಧನಲಕ್ಷ್ಮಿ ಪಕ್ಕದವನಿಗೆ ಹೇಳಿ ಎಲ್ಲರನ್ನೂ ನಗಿಸುತ್ತಾಳೆ. ಹುಣಸೆ ಮರದ ಹತ್ತಿರ ಮೂರು ಬೆರಳು. ಕಂಬದ ಹತ್ತಿರ ಮೂರು ಬೆರಳು. ಕೊನೆಯ ತಿರುವಿನಲ್ಲಿ ಮತ್ತೆ ಮೂರು ಬೆರಳು. ಸಾಲದೆಂಬಂತೆ ಆಂಜಿನಮ್ಮ ಅದನ್ನು ಕೆಳಗಿಳಿಸಿ ಇನ್ನೊಂದು ಸಲ ಹತ್ತಿಸುತ್ತಾರೆ. ಮೂರು, ಮೂರು, ಮೂರು. ಬಿಸಿಯ ಮುಳ್ಳು ನಡುವಿನಲ್ಲೇ ಇದೆ.

ಏರಿಳಿದು ಬಂದ ಅವರ ಹಣೆಯಲ್ಲಿ ಬೆವರು. "ನೀಲಿದು" ಎನ್ನುತ್ತಾರೆ.

"ಅಕ್ಕಾ, ಬಿಳೀದು ಮೊದ್ಲನೇ ಸಲ ಒಂದೇ ಬೆಟ್ಟು ಜಾರಿದ್ದು. ಇದು ಮೂರು" ಎಂದು ಮೇಸ್ತ್ರಿ ವಾದ ಹೂಡುತ್ತಾರೆ.

"ಮೂರು ಜಾರ್ತೀನಿ ಅಂತ ಹೇಳಿ ಮೂರೇ ಜಾರ್ತದಲ್ಲ, ಅದು ನಂಬಿಕೆ. ಮೊದ್ಲು ಒಂದು, ಆಮೇಲೆ ಐದು, ಆಮೇಲೆ ಗೇಣು. ನಾಳೆ ಎಷ್ಟು ಅಂತ ನಂಗೇನ್ ಗೊತ್ತು? ನಾನು ದಿಮ್ಮಿ ಎಲ್ಲಿ ಇಡ್ಲಿ?"

ರಂಗಸ್ವಾಮಿ ಕೆಟ್ಟ ಮನುಷ್ಯರಲ್ಲ. ಹನ್ನೊಂದು ವರ್ಷದಲ್ಲಿ ಆಂಜಿನಮ್ಮನ ಮಾತು ಮೀರಿ ಒಂದು ದಿನವೂ ಏರು ಹತ್ತಿಸಿದವರಲ್ಲ. ಆದರೆ ಷಡ್ಡಕನಿಗೆ ಮಾತು ಕೊಟ್ಟಾಗಿದೆ. ಹೆಂಡತಿಯ ಮನೆ ಕಡೆಯವರೆಲ್ಲ ಬಿಳಿ ಗಾಡಿಯ ಫೋಟೊ ನೋಡಿದ್ದಾರೆ. ಏಳಕ್ಕೆ ಮಧುಗಿರಿಯಲ್ಲಿ ಮೋಲ್ಡು ಶುರುವಾಗಬೇಕು. ಮನೆಯವರ ಫೋನು ಆಗಲೇ ಎರಡು ಸಲ ಬಂದಿದೆ. "ನೀಲಿದ್ರಲ್ಲಿ ಹೋಗಿ ಸೇರೋಷ್ಟೊತ್ಗೆ ಅವ್ರ ಸಿಮೆಂಟು ಚೀಲದಲ್ಲೇ ಕಲ್ಲಾಗಿರ್ತದೆ" ಎಂದು ಗೊಣಗುತ್ತಾರೆ. ಮಿಷನ್ನಿನ ಕೊಂಡಿಯನ್ನು ನೀಲಿಯಿಂದ ಬಿಡಿಸಿ ಬಿಳಿಗೆ ಹಾಕಲು ಚಿಕ್ಕರಾಜುವಿಗೆ ಕೈಸನ್ನೆ ಮಾಡುತ್ತಾರೆ. ಚಿಕ್ಕರಾಜು ನಿಧಾನವಾಗಿ, ಯಾರ ಮುಖವನ್ನೂ ನೋಡದೆ, ಪಿನ್ನು ಬದಲಿಸುತ್ತಾನೆ.

ಆಂಜಿನಮ್ಮ ದಿಮ್ಮಿಯನ್ನು ತಿರುವಿ ಐದನೇ ಗಾಯವನ್ನು ಹೆಬ್ಬೆರಳಿನಿಂದ ಸವರುತ್ತಾರೆ. ಹಸಿ ಮರದಂತೆ ಬೆಳ್ಳಗೆ ಸಿಗಿದಿದೆ. ನಿಮಗೇನು ಆಸೆ ಎಂದರೆ ಅವರು ಹೇಳುವುದು ಈ ಮರದ ಮಾತೇ. "ಇದ್ಕೆ ಹುಳ ಬಿದ್ದು ಪುಡಿಯಾಗ್ಬೇಕು ಕಣಪ್ಪ. ಚಕ್ರ ಬಿದ್ದಲ್ಲ. ಅಷ್ಟೇಯ."

"ಹೂಂ, ಹತ್ರಲೇ, ಹೊತ್ತಾಯ್ತು" ಎಂದು ಮೇಸ್ತ್ರಿ ಕಟ್ಟೆಯ ಕಡೆ ಕೈಬೀಸುತ್ತಾರೆ.

ಯಾರೂ ಏಳುವುದಿಲ್ಲ. ಒಬ್ಬ ಬೀಡಿ ಆರಿಸಿ ಮತ್ತೆ ಹಚ್ಚುತ್ತಾನೆ. ಇನ್ನೊಬ್ಬರು ಬಾಂಡ್ಲಿಯನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ಈಗಷ್ಟೇ ನಗಿಸುತ್ತಿದ್ದ ಧನಲಕ್ಷ್ಮಿ ಅತ್ತೆಯ ಬಾಯನ್ನೇ ನೋಡುತ್ತಿದ್ದಾಳೆ. ಅಂಬರೀಶ್ ಹಲ್ಲು ಕಚ್ಚಿ, "ಏನಣ್ಣ, ನಿನ್ ಗ್ಯಾಂಗಿಗೆ ಮೇಸ್ತ್ರಿ ನೀನಾ, ಈಯಮ್ಮನಾ?" ಎನ್ನುತ್ತಾನೆ. ಮೇಸ್ತ್ರಿಯ ಫೋನು ಮೂರನೇ ಸಲ ಬಡಿದುಕೊಳ್ಳುತ್ತದೆ. ಅವರು ತೆಗೆಯುವುದಿಲ್ಲ. ಟವೆಲ್ಲಿನಿಂದ ಕತ್ತು ಒರೆಸಿಕೊಂಡು ಆಂಜಿನಮ್ಮನ ಹತ್ತಿರ ಬರುತ್ತಾರೆ. ದನಿ ತಗ್ಗಿದೆ.

"ಆಂಜಿನಕ್ಕ, ನಿನ್ ಕಾಲಿಗ್ ಬೀಳ್ತೀನಿ. ಇವತ್ತೊಂದಿನ. ನೀನು ಹಿಂದೆ ಇದ್ದೇ ಇರ್ತೀಯಲ್ಲ, ಏನಾಯ್ತದೆ? ನಾಳೆ ಬೇಕಾದ್ರೆ ಮಾತಾಡಾನ. ಹತ್ರಪ್ಪಾ ಅಂತ ಒಂದು ಮಾತು ಅಂದ್ಬುಡು, ಸಾಕು."

ಆಂಜಿನಮ್ಮ ಬಿಳಿ ಗಾಡಿಯ ಹಿಂದಿನ ಬಾಗಿಲಿನ ಅಂಚನ್ನು, ಅಲ್ಲಿಂದ ಮಿಷನ್ನಿಗಿರುವ, ಸೊಸೆಯ ಕಾಲು ಇಳಿಬೀಳುವ ಮೊಳದಷ್ಟು ಜಾಗವನ್ನು ನೋಡುತ್ತಾರೆ. ದಿಮ್ಮಿಯನ್ನು ಚಕ್ರದ ಬುಡಕ್ಕೆ, ಈ ಸಲ ಒಂದು ಬೆರಳೂ ಬಿಡದೆ ಒತ್ತಿ ಇಟ್ಟು, ಹಿಡಿಯ ಮೇಲೆ ಎರಡೂ ಕೈ ಊರಿ ನಿಲ್ಲುತ್ತಾರೆ.

"ಅನ್ನಲ್ಲ."