ವಿನಯಾ ಜೋಡಿಸಿದ ಹಳೆಯ ಯಂತ್ರ

ಕುಕ್ಕರ್ ಕೂಗಿದರೂ ಮಗು ತಿರುಗಿ ನೋಡಲಿಲ್ಲ. ಅಡುಗೆಮನೆಯ ಹೊಸಿಲಿನಾಚೆ ಚಾಪೆಯ ಮೇಲೆ ಕೂತು, ಸ್ಟೀಲಿನ ಮುಚ್ಚಳವನ್ನು ಒಸಡಿಗೆ ಒತ್ತಿಕೊಂಡು ಅದರ ತಂಪನ್ನು ಸವಿಯುತ್ತಿದ್ದ ಅಕ್ಷಯಾ ಹಾಗೇ ಕೂತಿದ್ದಳು. ಇದು ಇವತ್ತಿನ ಮಾತಲ್ಲ. ಸೆರಗಿಗೆ ಹತ್ತಿದ ಉತ್ತರಾಣಿ ಕಾಳಿನ ಹಾಗೆ ಆ ಚಿಂತೆ ತಾಯಿ ವಿನಯಾಳಿಗೆ ಅಂಟಿಕೊಂಡು ಎಷ್ಟೋ ವಾರಗಳಾಗಿದ್ದವು. ಇಲ್ಲಿ ಕಿತ್ತರೆ ಅಲ್ಲಿ ಚುಚ್ಚುತ್ತಿತ್ತು. ಬಾಗಿಲು ಬಡಿದರೆ ಮಗು ತಿರುಗುತ್ತಿತ್ತು, ನಿಜ. ಆದರೆ ಬಾಗಿಲು ಬಡಿದಾಗ ಗಾಳಿಯೂ ಬರುತ್ತದೆ, ನೆಲವೂ ಅದುರುತ್ತದೆ. ಹಿಂದಿನಿಂದ ಚಪ್ಪಾಳೆ ತಟ್ಟಿದರೆ ಒಮ್ಮೊಮ್ಮೆ ತಿರುಗುತ್ತಿತ್ತು. ಆಗ ವಿನಯಾ, ಗೋಡೆಯ ಮೇಲೆ ತನ್ನ ನೆರಳು ಬಿದ್ದಿತ್ತೇ ಎಂದು ಹುಡುಕುತ್ತಿದ್ದಳು.

ಒಂದು ಸಂಜೆ ಬಾಯಿ ತೆರೆದಿದ್ದಳು. ಅತ್ತೆ ವಿಶಾಲಾಕ್ಷಮ್ಮ ದೇವರ ಮುಂದೆ ಬತ್ತಿ ಹೊಸೆಯುತ್ತಾ ಕೂತಿದ್ದರು.

"ಅತ್ತೆ, ಇವಳಿಗೆ ಕಿವಿ..."

"ದೀಪ ಹಚ್ಚೋ ಹೊತ್ತಲ್ಲಿ ಎಂತ ಮಾತೇ ಅದು?" ವಿಶಾಲಾಕ್ಷಮ್ಮ ಮಾತು ಮುಗಿಯಲು ಬಿಡಲಿಲ್ಲ. "ಅಸ್ತು ದೇವತೆಗಳು ತಿರುಗ್ತಾ ಇರ್ತಾರೆ ಮೇಲೆ. ನೀ ಆಡಿದ್ದಕ್ಕೆ ಅಸ್ತು ಅಂದ್ಬಿಟ್ರೆ? ಬಿಡ್ತು ಅನ್ನು."

"ಬಿಡ್ತು" ಎಂದಳು ವಿನಯಾ.

"ಅದು ಅವಳಜ್ಜನ ಹಾಗೇ. ಮನಸ್ಸು ಬಂದ್ರೆ ತಿರುಗೋದು, ಇಲ್ದಿದ್ರೆ ಇಲ್ಲ. ನಾನು ಮದುವೆಯಾದಾಗಿಂದ ಕರೀತಾ ಇದೀನಿ, ಒಂದು ಸಲಕ್ಕೆ ತಿರುಗಿದ್ದುಂಟಾ ಕೇಳು."

ಸಂಜೆ ಆಡಬಾರದು ಸರಿ, ಬೆಳಗ್ಗೆ ಆಡಬಹುದಲ್ಲ ಎಂದುಕೊಂಡಳು. ಬೆಳಗ್ಗೆಯಾದರೆ ಕೆಟ್ಟದ್ದನ್ನು ಆಡಿ ದಿನ ಶುರು ಮಾಡುವುದೇ ಎನ್ನಿಸುತ್ತಿತ್ತು. ಮೈಸೂರಿನಲ್ಲಿ ಓದಿ, ಅಲ್ಲೇ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿದವಳು ಅವಳು. ಇಂಥದ್ದನ್ನೆಲ್ಲ ನಂಬುತ್ತೀಯಾ ಎಂದು ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದಳು. ಮಗು ಹುಟ್ಟಿದ ಮೇಲೆ ನಗು ಬರುತ್ತಿರಲಿಲ್ಲ. ಗಂಡ ಉದಯ್ ನಿಟ್ಟೂರಿನ ಶಾಲೆಯಲ್ಲಿ ಮೇಷ್ಟ್ರು. ಅಲ್ಲೇ ಒಂದು ಕೋಣೆ ಮಾಡಿಕೊಂಡಿದ್ದ. ಶನಿವಾರ ಬಂದರೆ ಸೋಮವಾರ ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದ. ಉಳಿದ ದಿನಗಳಲ್ಲಿ ನೀರಿನ ಟ್ಯಾಂಕಿನ ಪಕ್ಕ, ನೆಟ್‌ವರ್ಕ್ ಸಿಗುವ ಒಂದೇ ಜಾಗದಲ್ಲಿ ನಿಂತು ಫೋನ್ ಮಾಡುತ್ತಿದ್ದ. "ಕೂಸು ಎಂತ ಮಾಡ್ತಿದೆ?" ಎಂದು ಅವನು ಕೇಳಿದರೆ "ಆಡ್ತಿದೆ" ಎನ್ನುತ್ತಿದ್ದಳು. ಅದು ಸುಳ್ಳಲ್ಲ. ತೀರ್ಥಹಳ್ಳಿಯ ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಮಾತಾಡಿಸುತ್ತಿದ್ದರು. ಅವಳು ಮಾತಾಡಬಹುದಾದವರು ಯಾರೂ ಇರಲಿಲ್ಲ.

ಇಂಥ ದಿನಗಳಲ್ಲಿ ಮಾವ ಕೃಷ್ಣಯ್ಯ ಒಂದು ಕೆಲಸ ಹೇಳಿದರು. ಅವರು ಸಂಗೀತದ ಮೇಷ್ಟ್ರು. ನಿವೃತ್ತರಾದ ಮೇಲೂ ಮನೆಗೆ ಬಂದವರಿಗೆ ಪಾಠ ಹೇಳುತ್ತಿದ್ದರು. ಸಾಗರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಅವರ ಶಿಷ್ಯ ಕನ್ನಪ್ಪ, ಬಹಳ ಹಿಂದೆ ಗುರುಗಳಿಗೆಂದೇ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದ. ಅದು ಒಂದು ಸ್ವರ ನುಡಿಸಿ ಸುಮ್ಮನಾಗುತ್ತದೆ. ಕೇಳಿದವರು ಅದು ಯಾವ ಸ್ವರವೆಂದು ಕೀಲಿ ಒತ್ತಿ ಹೇಳಬೇಕು. ಕನ್ನಪ್ಪ ಕೃಷ್ಣಯ್ಯನವರ ಹಾರ್ಮೋನಿಯಂನಿಂದಲೇ ಸ್ವರಗಳನ್ನು ಮೈಕಿನಲ್ಲಿ ಹಿಡಿದಿದ್ದ. ಆ ಕಾಲದ ಕಂಪ್ಯೂಟರ್ ತುಕ್ಕು ಹಿಡಿದು ಗುಜರಿಗೆ ಹೋಗಿತ್ತು. "ಈಗಿನವಕ್ಕೆ ಪಾಠ ಬರ್ತದೆ, ಕಿವಿ ಬರೋದಿಲ್ಲ. ಅದೊಂದು ನಡೆಯೋ ಹಾಗೆ ಮಾಡ್ತೀಯಾ ನೋಡು" ಎಂದರು.

ವಿನಯಾ ಮಗುವನ್ನು ಎತ್ತಿಕೊಂಡು ಸಾಗರದ ಬಸ್ಸು ಹತ್ತಿದಳು. ಕನ್ನಪ್ಪ ಈಗ ಮೊಬೈಲ್ ಅಂಗಡಿ ಇಟ್ಟಿದ್ದ. ಹಳೆಯ ಫ್ಲಾಪಿಗಳಲ್ಲಿದ್ದುದನ್ನೆಲ್ಲ ಎಂದೋ ಒಂದು ಸಿಡಿಗೆ ಇಳಿಸಿಟ್ಟಿದ್ದ. ಅದನ್ನೀಗ ಪೆನ್‌ಡ್ರೈವಿಗೆ ಹಾಕಿಕೊಟ್ಟ. "ಇದು ನಿಮ್ಮ ಲ್ಯಾಪ್‌ಟಾಪಲ್ಲಿ ನೇರ ಓಡಲ್ಲ ಮೇಡಂ. ಹಳೇ ಮಿಷನ್ನಿನ ವೇಷ ಹಾಕೋ ಸಾಫ್ಟ್‌ವೇರ್ ಬರುತ್ತಲ್ಲ, ಎಮ್ಯುಲೇಟರು, ಅದರೊಳಗೆ ಒಂದು ಹಳೇ ಕಂಪ್ಯೂಟರ್ ಕಟ್ಟಬೇಕು. ಪ್ರೊಸೆಸರು, ಮೆಮೊರಿ, ಡಿಸ್ಕು, ಸೌಂಡ್ ಕಾರ್ಡು, ಎಲ್ಲ ನೀವೇ ಆರಿಸಿ ಕೂರಿಸೋದು."

ಅಷ್ಟರಲ್ಲಿ ಅಂಗಡಿಯ ಹಿಂದಿನ ಮನೆಯಲ್ಲಿ ಅವನ ಹೆಂಡತಿ ಶೇಷಮ್ಮನ ಕೈಯಿಂದ ಹಿತ್ತಾಳೆ ಕೊಳಗ ಜಾರಿ ಕಲ್ಲುಹಾಸಿನ ಮೇಲೆ ಬಿತ್ತು. ಅಂಗಡಿಯ ಗಿರಾಕಿಗಳು ಬೆಚ್ಚಿದರು. ವಿನಯಾಳ ಹೆಗಲ ಮೇಲೆ ಮಲಗಿದ್ದ ಅಕ್ಷಯಾಳ ಉಸಿರು ಕೂಡ ಬದಲಾಗಲಿಲ್ಲ. ಶೇಷಮ್ಮ ಹೊರಗೆ ಬಂದು ಮಗುವನ್ನು ನೋಡಿ ಗಲ್ಲದ ಮೇಲೆ ಕೈಯಿಟ್ಟರು.

"ಪುಣ್ಯ ಮಾಡಿದೀಯ ಬಿಡು ತಂಗಿ. ನಮ್ಮನೇ ಮಕ್ಕಳು ಸೊಳ್ಳೆ ಹಾರಿದ್ರೆ ಏಳ್ತಿದ್ವು. ಎಂಥಾ ನಿದ್ದೆ, ನಿನ್ನ ಮಗಳದ್ದು."

ವಿನಯಾ ನಕ್ಕಳು. ಬಸ್ಸಿನಲ್ಲಿ ತೀರ್ಥಹಳ್ಳಿಯವರೆಗೂ ಮಗುವಿನ ಕಿವಿಯನ್ನೇ ನೋಡುತ್ತಾ ಬಂದಳು. ಚಿಕ್ಕ, ಸುರುಳಿಯಾದ, ಏನೂ ಕೊರತೆ ಕಾಣದ ಕಿವಿ.

ಮರುದಿನದಿಂದ ಯಂತ್ರ ಕಟ್ಟಲು ಕೂತಳು. ಮೊದಲು ಅವಳು ಮಾಡಿದ್ದು ತಾಯಂದಿರು ಮಾಡುವ ತಪ್ಪು. ಎಲ್ಲವನ್ನೂ ಧಾರಾಳವಾಗಿ ಕೊಟ್ಟಳು. ಪಟ್ಟಿಯಲ್ಲಿದ್ದ ಅತಿ ವೇಗದ ಪ್ರೊಸೆಸರ್, ಹಿಡಿಸುವಷ್ಟು ಮೆಮೊರಿ. ಪ್ರೋಗ್ರಾಂ ತೆರೆದ ಕ್ಷಣವೇ ಸತ್ತುಬಿತ್ತು. ಸೊನ್ನೆಯಿಂದ ಭಾಗಿಸಲಾಗದು ಎಂಬ ಒಂದು ಸಾಲು ಮಾತ್ರ ತೆರೆಯ ಮೇಲೆ. ಕಾರಣ ಹುಡುಕಿ ಹುಡುಕಿ ಕೊನೆಗೆ ಸಿಕ್ಕಿತು. ಇಂಥ ಹಳೆಯ ಪ್ರೋಗ್ರಾಂಗಳು ಏಳುತ್ತಲೇ ತಾವಿರುವ ಯಂತ್ರ ಎಷ್ಟು ವೇಗದ್ದೆಂದು ಅಳೆದು ನೋಡುತ್ತವೆ. ಯಂತ್ರ ತೀರಾ ಚುರುಕಾದರೆ ಆ ಅಳತೆಯ ಲೆಕ್ಕವೇ ತಪ್ಪಿಬೀಳುತ್ತದೆ. ಕೊಟ್ಟದ್ದನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತೆಗೆದಳು. ಪ್ರೊಸೆಸರನ್ನು ಕನ್ನಪ್ಪನ ಕಾಲದ ನಿಧಾನಕ್ಕೆ ಇಳಿಸಿದಳು. ಹಾರ್ಡ್ ಡಿಸ್ಕಿನ ಅಳತೆಗಳು ಹೊಂದದೆ ಅದು ಇನ್ನೆರಡು ದಿನ ಮುನಿಸಿಕೊಂಡು ಕೂತಿತು. ಆಮೇಲೆ ಒಂದು ಮಧ್ಯಾಹ್ನ, ಕಪ್ಪು ತೆರೆಯ ಮೇಲೆ ಹಾರ್ಮೋನಿಯಂನ ಬಿಳಿ-ಕಪ್ಪು ಮನೆಗಳ ಚಿತ್ರ ಎದ್ದು ನಿಂತಿತು. ಒಂದೊಂದೇ ಮನೆ ಹಳದಿಯಾಗಿ ಹೊತ್ತಿ ಆರಿತು: ಸ, ರಿ, ಗ, ಮ.

ಸದ್ದು ಮಾತ್ರ ಇಲ್ಲ.

ಮಡಿಲಲ್ಲಿದ್ದ ಅಕ್ಷಯಾ ತೆರೆಗೆ ಅಂಗೈ ಬಡಿದು ಕೇಕೆ ಹಾಕಿದಳು. ಬೆಳಕು ಹೋದಲ್ಲೆಲ್ಲ ಅವಳ ಕಣ್ಣು ಹೋಗುತ್ತಿತ್ತು, ಒಂದೂ ತಪ್ಪುತ್ತಿರಲಿಲ್ಲ. ವಿನಯಾ ಸದ್ದಿಲ್ಲದ ಆ ಸ್ವರಗಳನ್ನೇ ನೋಡುತ್ತಾ ಕೂತಳು. ಇವಳ ಮನೆಯೂ ಹೀಗೇ ಇರಬಹುದೇ ಎನ್ನಿಸಿತು. ಅಜ್ಜಿಯ ಬಾಯಿ ಆಡುತ್ತದೆ, ಅಜ್ಜನ ಬೆರಳು ಹಾರ್ಮೋನಿಯಂ ಮೇಲೆ ಓಡುತ್ತದೆ, ಅಮ್ಮನ ತುಟಿ ತೆರೆದು ಮುಚ್ಚುತ್ತದೆ. ಅಷ್ಟೇ.

"ನಾದ ಬಂತಾ?" ಜಗುಲಿಯಿಂದ ಕೃಷ್ಣಯ್ಯ ಕೇಳಿದರು.

"ಇಲ್ಲ ಮಾವಯ್ಯ. ಸೌಂಡ್ ಕಾರ್ಡು ಸರಿ ಕೂತಿಲ್ಲ."

ಸರಿ ಕೂರದ ಕಾರಣ ಅವಳಿಗೆ ಅಂದೇ ತಿಳಿಯಿತು. ಸೌಂಡ್ ಕಾರ್ಡಿಗೆ ಪ್ರೊಸೆಸರನ್ನು ಕರೆಯಲು ಒಂದು ದಾರಿ ಬೇಕು, ದಾರಿಗಳಿಗೆ ನಂಬರುಗಳಿವೆ. ಪ್ರೋಗ್ರಾಂ ಕಿವಿಗೊಟ್ಟು ಕಾಯುತ್ತಿದ್ದುದು ಏಳನೆಯ ದಾರಿಯಲ್ಲಿ, ಅವಳು ಕೊಟ್ಟಿದ್ದುದು ಐದನೆಯದನ್ನು. ಹಿಂಬಾಗಿಲಲ್ಲಿ ನಿಂತು ಕೂಗಿದರೆ ಮುಂಬಾಗಿಲಲ್ಲಿ ಕಾಯುವವರಿಗೆ ಏನು ಗೊತ್ತಾಗಬೇಕು? ಐದನ್ನು ಏಳು ಮಾಡಿದರೆ ಮುಗಿಯಿತು.

ಅವಳು ಮಾಡಲಿಲ್ಲ. ಡಿಸ್‌ಪ್ಲೇ ಕಾರ್ಡು ಬದಲಾಯಿಸಿದಳು, ಮೆಮೊರಿ ತುಸು ಏರಿಸಿ ಮತ್ತೆ ಇಳಿಸಿದಳು, ಚೆನ್ನಾಗಿಯೇ ಇದ್ದ ಡಿಸ್ಕನ್ನು ಬಿಚ್ಚಿ ಪುನಃ ಕೂರಿಸಿದಳು. ಯಂತ್ರದಲ್ಲಿ ಸದ್ದಿಲ್ಲದಿರುವವರೆಗೆ ಅದರ ಮುಂದೆ ಕೂತ ಮಗು ತಿರುಗದಿರುವುದಕ್ಕೆ ಒಂದು ಕಾರಣವಿತ್ತು. ಆ ಕಾರಣ ಅವಳ ಕೈಯಲ್ಲಿತ್ತು, ಒಂದೇ ಅಂಕಿಯಷ್ಟು ದೂರದಲ್ಲಿ. ಉದಯ್ ಫೋನಿನಲ್ಲಿ "ಅಪ್ಪನ ಸ್ವರದ ಪೆಟ್ಟಿಗೆ ಎಲ್ಲಿಗೆ ಬಂತು?" ಎಂದರೆ "ಆಗ್ತಾ ಇದೆ" ಎನ್ನುವಳು. ಅವನು ಫೋನಿಟ್ಟ ಮೇಲೂ ತನ್ನದನ್ನು ಕಿವಿಗೆ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಲ್ಲುವಳು. ಮಗುವಿನ ಕಿವಿಯ ವಿಷಯ ಅವನಿಗೆ ಹೇಳಿದರೂ ಕೆಟ್ಟದ್ದನ್ನು ಆಡಿದ ಹಾಗೆಯೇ ತಾನೆ.

ಶುಕ್ರವಾರ ಸಂಜೆ ಕೃಷ್ಣಯ್ಯ ಒಳಗೆ ಬಂದು ಅವಳ ಪಕ್ಕ ಮಣೆ ಹಾಕಿಕೊಂಡು ಕೂತರು. "ಆಗದಿದ್ರೆ ಬಿಡು ಮಾರಾಯ್ತಿ. ಊಟ ಬಿಟ್ಟು ಇದರ ಮುಂದೆ ಕೂರೋದು ಬೇಡ. ಇಳಿದು ಹೋಗಿದೀಯ."

ಆ ದನಿ ಮೆತ್ತಗಿತ್ತು. ಅವರು ಗದರಿದ್ದರೆ ಇನ್ನೊಂದು ವಾರ ತಳ್ಳುತ್ತಿದ್ದಳೇನೋ. ವಿನಯಾ ಐದನ್ನು ಅಳಿಸಿ ಏಳು ಬರೆದಳು. ಪ್ರೋಗ್ರಾಂ ತೆರೆದಳು. ಅಕ್ಷಯಾ ಲ್ಯಾಪ್‌ಟಾಪಿಗೆ ಬೆನ್ನು ಹಾಕಿ, ಅಜ್ಜನ ಪಂಚೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಷಡ್ಜ ಬಂತು. ಸದ್ದು ಬಾರದ ದಿನಗಳಲ್ಲಿ ಸ್ಪೀಕರಿನ ವಾಲ್ಯೂಮನ್ನು ತುದಿಗೆ ಏರಿಸಿದ್ದು ಹಾಗೇ ಉಳಿದಿತ್ತು. ಇಡೀ ಮನೆ ತುಂಬಿತು ಸ್ವರ. ಕೃಷ್ಣಯ್ಯ ತಮಗರಿವಿಲ್ಲದೆ ಅದಕ್ಕೆ ದನಿ ಸೇರಿಸಿದರು. "ಅದೇ, ನನ್ನ ಹಾರ್ಮೋನಿಯಂನದ್ದೇ" ಎಂದರು, ಕಣ್ಣು ಅರಳಿಸಿ. ವಿಶಾಲಾಕ್ಷಮ್ಮ ಒದ್ದೆ ಕೈಯಲ್ಲಿ ಒಳಗಿಂದ ಬಂದರು.

"ಕಡಿಮೆ ಮಾಡೇ. ಅಷ್ಟು ಹತ್ತಿರ ಕೂತಿದೆ, ಕೂಸಿನ ಕಿವಿ..."

ಮೂವರೂ ಮಗುವನ್ನು ನೋಡಿದರು. ಅಕ್ಷಯಾ ಪಂಚೆಯ ಅಂಚನ್ನು ಬೆರಳಿಂದ ಬಿಚ್ಚಿ, ಇನ್ನೊಮ್ಮೆ ಸುತ್ತಿಕೊಳ್ಳತೊಡಗಿದ್ದಳು. ಯಂತ್ರ ಉತ್ತರಕ್ಕೆ ಕಾದು, ಯಾರೂ ಕೀಲಿ ಒತ್ತದೇ ಇದ್ದುದರಿಂದ ಅದೇ ಸ್ವರವನ್ನು ಮತ್ತೆ ನುಡಿಸಿತು. ಮತ್ತೆ ನುಡಿಸಿತು. ಕೃಷ್ಣಯ್ಯ ಬಾಗಿ, ಮೊಮ್ಮಗಳ ತಲೆಯ ಹಿಂದೆ, ತಮ್ಮ ಉಸಿರು ತಾಗದಷ್ಟು ದೂರದಲ್ಲಿ "ಪುಟ್ಟೀ" ಎಂದರು. ಆಮೇಲೆ ನೆಟ್ಟಗೆ ಕೂತು ಕನ್ನಡಕ ತೆಗೆದರು.

ಯಂತ್ರದಲ್ಲಿ ಸರಿಪಡಿಸುವುದು ಇನ್ನೇನೂ ಉಳಿದಿರಲಿಲ್ಲ. ವಿನಯಾ ಅದನ್ನು ಮುಚ್ಚಿದಳು. ಮೊಬೈಲಿನಲ್ಲಿ ಶಿವಮೊಗ್ಗದ ಕಿವಿ ಡಾಕ್ಟರೊಬ್ಬರ ನಂಬರು ಹುಡುಕಿದಳು; ಸಿಕ್ಕಲು ಕ್ಷಣವೂ ಹಿಡಿಯಲಿಲ್ಲ. ಅಲ್ಲೇ ಕರೆ ಮಾಡಿದಳು. ದೇವರ ಗೂಡಿನಲ್ಲಿ ಎಣ್ಣೆ ಹಾಕಿಟ್ಟ ದೀಪ ಇನ್ನೂ ಹಚ್ಚಬೇಕಿತ್ತು. ವಿಶಾಲಾಕ್ಷಮ್ಮ ಅದರ ಕಡೆ ಒಮ್ಮೆ, ಸೊಸೆಯ ಕಡೆ ಒಮ್ಮೆ ನೋಡಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತರು.

"ಹೇಳಿ" ಎಂದಿತು ಆ ಕಡೆಯ ಹೆಣ್ಣು ದನಿ. "ಅಪಾಯಿಂಟ್‌ಮೆಂಟ್ ಯಾರಿಗೆ?"

"ನನ್ನ ಮಗಳಿಗೆ. ಹತ್ತು ತಿಂಗಳ ಮಗು."

"ಏನು ತೊಂದರೆ?"

ವಿನಯಾ ಮಗುವನ್ನು ಸೊಂಟಕ್ಕೆ ಎತ್ತಿಕೊಂಡಳು.

"ಅವಳಿಗೆ ಕಿವಿ ಕೇಳಿಸ್ತಿಲ್ಲ" ಎಂದಳು, ಪ್ರತಿ ಅಕ್ಷರವನ್ನೂ ಬಿಡಿಸಿ. "ತೀರ್ಥಹಳ್ಳಿಯಿಂದ ಬರಬೇಕು. ನಾಳೆ ಮೊದಲ ಬಸ್ಸಿಗೆ ಬಂದ್ರೆ ನೋಡ್ತಾರಾ?"